ಮಗಳ ಫೋನಿನೊಳಗೆ ಏನಿದೆ?



ಹಿಂದೆ ನಮ್ಮ ಸಂಘದ ಸಭೆಗಳಲ್ಲಿ ಉಳಿತಾಯ, ಸಾಲ, ಕಂತು ಎಲ್ಲಾ ಮುಗಿದ ಮೇಲೆ ಮಾತು ಗಂಡಂದಿರ ಕುಡಿತದ ಕಡೆಗೆ ಹೊರಳುತ್ತಿತ್ತು. ಈಗಲೂ ಹೊರಳುತ್ತದೆ, ಅದೇನೂ ಕಡಿಮೆಯಾಗಿಲ್ಲ. ಆದರೆ ಅದಕ್ಕಿಂತ ಮೊದಲು ಬರುವುದು ಮೊಬೈಲಿನ ಮಾತು. "ಸಿಸ್ಟರ್, ಇವಳು ಊಟಕ್ಕೆ ಕೂತ್ರೂ ಫೋನ್ ಕೆಳಗಿಡಲ್ಲ", "ಇವನು ರಾತ್ರಿ ಹೊದಿಕೆಯೊಳಗೆ ಬೆಳಕು ಮಾಡ್ಕೊಂಡು ಏನ್ ನೋಡ್ತಾನೋ ದೇವರೇ ಬಲ್ಲ" ಎಂದು ತಾಯಂದಿರು ಹೇಳುತ್ತಾರೆ. ಮಕ್ಕಳು ಅದರೊಳಗೆ ಏನು ಮಾಡುತ್ತಾರೆ ಎಂದು ತಿರುಗಿ ಕೇಳಿದರೆ "ಅದೇನೋ ಇನ್‌ಸ್ಟಾ ಅಂತೆ" ಎನ್ನುವುದಕ್ಕಿಂತ ಮುಂದೆ ಉತ್ತರ ಹೋಗುವುದಿಲ್ಲ. ಗೊತ್ತಿಲ್ಲದ ವಿಷಯಕ್ಕೆ ಭಯ ಜಾಸ್ತಿ. ಭಯ ಜಾಸ್ತಿಯಾದಾಗ ನಾವು ಮಾಡುವ ಕೆಲಸ ಒಂದೇ: ಫೋನ್ ಕಿತ್ತುಕೊಳ್ಳುವುದು. ಹಾಗಾಗಿ ಈ ಸಲ ಅದರೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಫೋನು ನಮ್ಮ ಮನೆಗಳಿಗೆ ಬಂದ ದಾರಿ ನಿಮಗೆ ನೆನಪಿರಬಹುದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು, ನೆಟ್ ಅಗ್ಗವಾಯಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಶಾಲೆ ಮುಚ್ಚಿತು. ಪಾಠ ಮೊಬೈಲಿನಲ್ಲಿ ಎಂದಾಗ ಸಂಘದಿಂದ ಸಾಲ ತೆಗೆದು ಮಕ್ಕಳಿಗೆ ಫೋನ್ ಕೊಡಿಸಿದವರು ನಾವೇ. ನಮ್ಮ ಎಷ್ಟೋ ಸಂಘಗಳ ಪುಸ್ತಕಗಳಲ್ಲಿ ಆ ವರ್ಷ ಕುರಿ ಸಾಲ, ಹೊಲಿಗೆ ಯಂತ್ರದ ಸಾಲದ ಪಕ್ಕದಲ್ಲೇ 'ಮೊಬೈಲ್ ಸಾಲ' ಎಂದು ಬರೆದದ್ದಿದೆ. ಶಾಲೆ ಮತ್ತೆ ತೆರೆಯಿತು, ಫೋನು ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ಇದಕ್ಕೆ ಮಕ್ಕಳನ್ನು ಬೈಯುವುದು ಅಷ್ಟು ನ್ಯಾಯವಲ್ಲ.

ಅದೇ 2020ರ ಜೂನ್ ಕೊನೆಗೆ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಸ್ವಲ್ಪ ದಿನದಲ್ಲೇ ಇನ್‌ಸ್ಟಾಗ್ರಾಮಿನವರು 'ರೀಲ್ಸ್' ಶುರುಮಾಡಿದರು. ಹಾಡಿಗೆ ತುಟಿ ಆಡಿಸುವ, ಕುಣಿಯುವ, ನಗಿಸುವ ಚಿಕ್ಕ ಚಿಕ್ಕ ವಿಡಿಯೊಗಳಿಗೆ ರೀಲ್ಸ್ ಅಂತ ಹೆಸರು. ಫೇಸ್‌ಬುಕ್ ಈಗ ಮಾವ-ಚಿಕ್ಕಪ್ಪಂದಿರ ಜಾಗ ಎಂದು ಮಕ್ಕಳು ನಗುತ್ತಾರೆ. ನಾವು ಕೂತ ಜಗಲಿ ಬಿಟ್ಟು ಹುಡುಗರು ಬೇರೆ ಕಟ್ಟೆ ಹುಡುಕಿಕೊಂಡು ಹೋಗುವುದು ಹೊಸದೇನಲ್ಲ.

'ನಾನು ಯಾರು' ಎಂಬ ವಯಸ್ಸು

ಎರಿಕ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞರು 1950ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮನುಷ್ಯನ ಬೆಳವಣಿಗೆಯನ್ನು 8 ಹಂತಗಳಾಗಿ ವಿವರಿಸಿದರು. ಅದರಲ್ಲಿ ಹದಿಹರೆಯದ ಹಂತದ ದೊಡ್ಡ ಕೆಲಸ ಎಂದರೆ 'ನಾನು ಯಾರು' ಎಂಬುದನ್ನು ಕಂಡುಕೊಳ್ಳುವುದು. ಅಲ್ಲಿಯವರೆಗೆ ಇಂಥವರ ಮಗಳು, ಇಂಥ ಮನೆಯ ಹುಡುಗ ಎಂದಿದ್ದರೆ ಸಾಕಿತ್ತು. ಹದಿಮೂರು ಹದಿನಾಲ್ಕು ದಾಟುತ್ತಿದ್ದ ಹಾಗೆ ಅದು ಸಾಲದಾಗುತ್ತದೆ. ಒಂದು ವಾರ ಪೊಲೀಸ್ ಆಗ್ತೀನಿ ಅಂತಾಳೆ, ಇನ್ನೊಂದು ವಾರ ನರ್ಸ್. ಕೂದಲು ಒಮ್ಮೆ ಹೀಗೆ, ಒಮ್ಮೆ ಹಾಗೆ. ಒಂದೊಂದೇ ವೇಷ ಹಾಕಿ ನೋಡುತ್ತಾರೆ, ನೋಡಿದವರು ಏನನ್ನುತ್ತಾರೆ ಎಂದು ಕಾಯುತ್ತಾರೆ. ಬೆಳೆಯುವುದು ಅಂದರೆ ಇದೇ.

ನಾವೂ ಇದನ್ನು ಮಾಡಿದವರೇ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಸಹಿ ಹಾಕಿ ಹಾಕಿ ಕಲಿತದ್ದು, ಎಸ್ಸೆಸ್ಸೆಲ್ಸಿ ಮುಗಿಯುವಾಗ ಆಟೋಗ್ರಾಫ್ ಪುಸ್ತಕ ಹಿಡಿದು ಗೆಳತಿಯರ ಹಿಂದೆ ಸುತ್ತಿದ್ದು, ಕರವಸ್ತ್ರದ ಮೂಲೆಯಲ್ಲಿ ಹೆಸರಿನ ಅಕ್ಷರ ಕಸೂತಿ ಹಾಕಿದ್ದು, ಜಾತ್ರೆಗೆ ಹೊಸ ಲಂಗ ಹಾಕಿಕೊಂಡು ಬೇಕಂತಲೇ ನಾಲ್ಕು ಸಲ ಅದೇ ಬೀದಿಯಲ್ಲಿ ಓಡಾಡಿದ್ದು. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡ್ ಬರೆದು, ಹಾಡಿಗಿಂತ ಹೆಚ್ಚಾಗಿ ನಮ್ಮ ಹೆಸರು ರೇಡಿಯೊದಲ್ಲಿ ಬರುತ್ತದೋ ಇಲ್ಲವೋ ಎಂದು ಕಿವಿಗೊಟ್ಟು ಕೂತದ್ದು ಮರೆಯಿತೇ? ಹೆಸರು ಬಂದ ದಿನ ಊರಿಡೀ ನಮ್ಮದೇ! ಇವತ್ತಿನ ಹುಡುಗಿ ಡಿಪಿ ಬದಲಾಯಿಸಿ, ಎಷ್ಟು ಜನ ನೋಡಿದರು ಎಂದು ಮತ್ತೆ ಮತ್ತೆ ತೆಗೆದು ನೋಡುವುದಕ್ಕೂ ಇದಕ್ಕೂ ಬೇರಿನಲ್ಲಿ ವ್ಯತ್ಯಾಸ ಇಲ್ಲ. ಡಿಪಿ ಎಂದರೆ ಹೆಸರಿನ ಪಕ್ಕ ಕಾಣುವ ಚಿತ್ರ. ಸ್ಟೇಟಸ್ ಎಂದರೆ 24 ಗಂಟೆ ಇದ್ದು ತಾನೇ ಅಳಿಸಿಹೋಗುವ ಚಿತ್ರ ಅಥವಾ ಮಾತು. ಇನ್‌ಸ್ಟಾಗ್ರಾಮಿನಲ್ಲಿ ಇದಕ್ಕೇ 'ಸ್ಟೋರಿ' ಅಂತಾರೆ.

ವ್ಯತ್ಯಾಸ ಇರುವುದು ಬೇರೆ ಕಡೆ. ಆಟೋಗ್ರಾಫ್ ಪುಸ್ತಕ ಟ್ರಂಕಿನೊಳಗೆ ಇರುತ್ತಿತ್ತು, ನಾವು ಬಯಸಿದವರು ಮಾತ್ರ ನೋಡುತ್ತಿದ್ದರು. ಫೋನಿನಲ್ಲಿ ಹಾಕಿದ್ದನ್ನು ಯಾರು ಯಾರಿಗೆ ಕಳಿಸುತ್ತಾರೆ ಎಂಬುದು ಹಾಕಿದವಳ ಕೈಯಲ್ಲಿಲ್ಲ.

ಒಂದೇ ಹುಡುಗಿ, ಎರಡು ಅಕೌಂಟು

ತಾಯಂದಿರಿಗೆ ಬಹಳ ಸಿಟ್ಟು ಬರುವ ವಿಷಯ ಇದು. "ನಮಗೆಲ್ಲ ತೋರಿಸೋಕೆ ಒಂದು, ಕದ್ದು ಇನ್ನೊಂದು ಇಟ್ಕೊಂಡಿದಾಳೆ, ಏನೋ ಇದೆ." ಇರಬಹುದು, ಇಲ್ಲದೆಯೂ ಇರಬಹುದು. ಅರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞರು 1950ರ ದಶಕದಲ್ಲೇ, ಮನುಷ್ಯ ದಿನನಿತ್ಯ ನಾಟಕದವರಂತೆ ಬದುಕುತ್ತಾನೆ, ಜನರ ಮುಂದೆ ಒಂದು ಬಗೆ, ಒಳಗೆ ಹೋದಾಗ ಇನ್ನೊಂದು ಬಗೆ ಎಂದು ಬರೆದರು. ಯಕ್ಷಗಾನದಲ್ಲಿ ರಂಗಸ್ಥಳ, ಚೌಕಿ ಎರಡೂ ಬೇಕಲ್ಲವೇ? ಅತ್ತೆಯ ಮುಂದೆ ನಾವು ಮಾತಾಡುವ ಹಾಗೆ ನಲ್ಲಿ ಹತ್ತಿರ ಮಾತಾಡುತ್ತೇವೆಯೇ? ಸಂಘದಲ್ಲಿ ಬಿದ್ದು ಬಿದ್ದು ನಗುವವಳು ಗಂಡ ಬಂದ ಕೂಡಲೇ ಸೆರಗು ಸರಿ ಮಾಡಿಕೊಂಡು ಸುಮ್ಮನಾಗುತ್ತಾಳೆ. ಅದನ್ನು ಮೋಸ ಅನ್ನುವುದಿಲ್ಲ.

ಫೋನಿನಲ್ಲಿ ಅತ್ತೆ, ನಲ್ಲಿ ಹತ್ತಿರದವರು, ಮೇಷ್ಟ್ರು, ತರಗತಿಯ ಹುಡುಗರು, ದೊಡ್ಡಪ್ಪನ ಮಗ ಎಲ್ಲರೂ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಅಮೆರಿಕದ ಡಾನಾ ಬಾಯ್ಡ್ ಎಂಬ ಸಂಶೋಧಕಿ ಅಲ್ಲಿನ ಹದಿಹರೆಯದವರ ಜೊತೆ ವರ್ಷಗಟ್ಟಲೆ ಮಾತಾಡಿ 2014ರಲ್ಲಿ ತಂದ ಪುಸ್ತಕದಲ್ಲಿ ಈ ಇಕ್ಕಟ್ಟನ್ನು ವಿವರಿಸಿದ್ದಾರೆ. ನಮ್ಮ ಹಳ್ಳಿಯಲ್ಲಿ ಇಕ್ಕಟ್ಟು ಇನ್ನೂ ಜಾಸ್ತಿ, ಯಾಕೆಂದರೆ ಒಬ್ಬ ಹುಡುಗಿಯನ್ನು ಕಾಯುವ ಕಣ್ಣುಗಳು ಇಲ್ಲಿ ಜಾಸ್ತಿ. ಆದ್ದರಿಂದ ಅವಳು ಸಂಬಂಧಿಕರಿಗೆಲ್ಲ ಒಂದು ಅಕೌಂಟು, ಹತ್ತು ಗೆಳತಿಯರಿಗೆ ಮಾತ್ರ ಇನ್ನೊಂದು ಇಟ್ಟುಕೊಳ್ಳುತ್ತಾಳೆ. ಆ ಎರಡನೆಯದರಲ್ಲಿ ಹೆಚ್ಚಾಗಿ ಇರುವುದು ಹಾಸ್ಟೆಲ್ ಊಟದ ಬಗ್ಗೆ ಬೈಗುಳ, ಪರೀಕ್ಷೆಯ ಗೋಳು, ಮುಖ ಸೊಟ್ಟ ಮಾಡಿದ ಫೋಟೊ. ಎರಡು ಅಕೌಂಟು ಇದೆ ಎಂಬುದೊಂದೇ ತಪ್ಪಿಗೆ ಸಾಕ್ಷಿ ಅಲ್ಲ ಎಂದು ನಾನು ಹೇಳುತ್ತೇನೆ. ಕೆಲವರು ಒಪ್ಪಲಿಕ್ಕಿಲ್ಲ.

ಹುಡುಗರಿಗೆ ಅರಳಿ ಕಟ್ಟೆ ಇದೆ, ಕ್ರಿಕೆಟ್ ಮೈದಾನ ಇದೆ, ಬಸ್‌ಸ್ಟ್ಯಾಂಡ್ ಇದೆ. ಸಂಜೆ 6ರ ಮೇಲೆ ನಮ್ಮ ಹುಡುಗಿಯರಿಗೆ ಏನಿದೆ ಹೇಳಿ? ಪಿಯುಸಿಗೆ ಬೇರೆ ಊರಿಗೆ ಹೋದ ಗೆಳತಿಯನ್ನು ನೋಡಲು ಅವಳಿಗೆ ದಾರಿ ಇಲ್ಲ. ಅವಳ ಕಟ್ಟೆ ಫೋನಿನೊಳಗೆ. ಅದರಲ್ಲೂ ಭೇದ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು 54 ಶೇಕಡಾ ಮಾತ್ರ. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಹೆಂಗಸರು 33 ಶೇಕಡಾ, ಗಂಡಸರು 57 ಶೇಕಡಾ. ಮಗನಿಗೆ ಹೊಸ ಫೋನು, ಮಗಳಿಗೆ ಅವನು ಬಿಟ್ಟ ಒಡೆದ ಫೋನು, ಅದೂ ಅವನು ಪಾಸ್‌ವರ್ಡ್ ಇಟ್ಟುಕೊಂಡು! ನಮ್ಮ ಮನೆಗಳ ಲೆಕ್ಕ ಇದು.

ಹೀಗೆ ಕೂಡಿಕೊಳ್ಳುವುದರಿಂದ ಒಳ್ಳೆಯದೂ ಆಗಿದೆ. ಲಂಬಾಣಿ, ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳು ಶಾಲೆಯಲ್ಲಿ ನಾಚಿಕೆಪಟ್ಟು ಮುಚ್ಚಿಟ್ಟ ಮನೆಮಾತಿನಲ್ಲಿ ಈಗ ರೀಲ್ಸ್ ಮಾಡುತ್ತಾರೆ, ಬೇರೆ ಜಿಲ್ಲೆಯವರು "ನಾವೂ ಇದೇ ಮಾತಾಡೋದು" ಎಂದು ಉತ್ತರ ಹಾಕುತ್ತಾರೆ. ಕಿವಿ ಕೇಳದ ಹುಡುಗರು ವಿಡಿಯೊದಲ್ಲಿ ಕೈಸನ್ನೆ ಮಾಡಿ ಮಾತಾಡುವುದನ್ನು ನೋಡಿ. ಇಟಲಿಯ ಕಾರ್ಲೊ ಅಕ್ಯುಟಿಸ್ ಎಂಬ ಹುಡುಗ ಪರಮಪ್ರಸಾದದ ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದ್ದ. 2006ರಲ್ಲಿ 15ನೇ ವಯಸ್ಸಿಗೆ ತೀರಿಕೊಂಡ ಅವನನ್ನು 2025ರ ಸೆಪ್ಟೆಂಬರ್ 7ರಂದು ಸಂತ ಎಂದು ಸಾರಲಾಯಿತು. ಕಂಪ್ಯೂಟರ್ ಮುಟ್ಟಿದ ಮಕ್ಕಳೆಲ್ಲ ಕೆಟ್ಟುಹೋಗುತ್ತಾರೆ ಎನ್ನುವವರಿಗೆ ಇವನನ್ನು ತೋರಿಸಬಹುದು.

ಗುರುತು ಹುಡುಕುವಾಗ ಗುಂಪಿನ ಗುರುತೂ ಸೇರಿಕೊಳ್ಳುತ್ತದೆ. ಡಿಪಿಯಲ್ಲಿ ಅಂಬೇಡ್ಕರ್, ಬಸವಣ್ಣ, ರಾಯಣ್ಣ, ನೆಚ್ಚಿನ ಹೀರೊ, ಶಿಲುಬೆ, ಚಂದ್ರ, ಕೇಸರಿ ಬಾವುಟ, ಜಾತಿ ಸಂಘದ ಹಾಡು. ತನ್ನವರ ಬಗ್ಗೆ ಅಭಿಮಾನ ತಪ್ಪಲ್ಲ, ಎಷ್ಟೋ ಕಾಲ ತಲೆ ತಗ್ಗಿಸಿ ನಡೆದ ಮನೆಯ ಹುಡುಗನಿಗೆ ಅದು ಧೈರ್ಯ ಕೊಡುತ್ತದೆ. ಆದರೆ ಇನ್ನೊಬ್ಬರನ್ನು ಕೆಣಕಲು ಹಾಕಿದ ಒಂದು ಚಿತ್ರ ಎಲ್ಲಿಗೆ ಹೋಗುತ್ತದೆ ಎಂಬುದನ್ನು 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿಯಲ್ಲಿ ಕಂಡೆವು. ಒಬ್ಬ ಯುವಕನ ವಾಟ್ಸಾಪ್ ಸ್ಟೇಟಸ್‌ನಿಂದ ಠಾಣೆ ಮುಂದೆ ಗುಂಪು ಸೇರಿ ಕಲ್ಲು ತೂರಾಟ ಆಯಿತು, ಪೊಲೀಸರಿಗೆ ಗಾಯ ಆಯಿತು, ಬಹಳ ಹುಡುಗರು ಜೈಲು ಸೇರಿದರು. ಅವರ ತಾಯಂದಿರೂ ನಮ್ಮಂಥವರೇ.

ಲೈಕು ಎಂಬ ತಕ್ಕಡಿ

ಫೋಟೊ ಕೆಳಗೆ ಹೃದಯದ ಗುರುತು ಒತ್ತಿದರೆ ಅದು ಲೈಕು. ನಮಗೆ ಹೆಸರು ರೇಡಿಯೊದಲ್ಲಿ ಬಂತೋ ಇಲ್ಲವೋ ಅಷ್ಟೇ ಇತ್ತು. ಮಕ್ಕಳಿಗೆ ಅಂಕಿ ಕಾಣುತ್ತದೆ: ಗೆಳತಿಗೆ 210, ನನಗೆ 34. ಹದಿನೈದರ ಹುಡುಗಿ ಅದನ್ನು ಫೋಟೊಗೆ ಬಿದ್ದ ಅಂಕ ಎಂದುಕೊಳ್ಳುವುದಿಲ್ಲ, ತನಗೇ ಬಿದ್ದ ಅಂಕ ಎಂದುಕೊಳ್ಳುತ್ತಾಳೆ. ಮೇಲೆ ಫಿಲ್ಟರ್ ಎಂಬುದೊಂದಿದೆ. ಅದು ಮುಖವನ್ನು ಬೆಳ್ಳಗೆ, ಮೂಗನ್ನು ಸಣ್ಣಗೆ ಮಾಡಿ ತೋರಿಸುತ್ತದೆ. ಕಪ್ಪು ಹುಡುಗಿಗೆ ಹುಟ್ಟಿದಾಗಿನಿಂದ ನಾವು ಹೇಳಿಕೊಂಡು ಬಂದದ್ದನ್ನೇ ಈಗ ಯಂತ್ರವೂ ಹೇಳುತ್ತಿದೆ!

2021ರಲ್ಲಿ ಫ್ರಾನ್ಸೆಸ್ ಹಾಗೆನ್ ಎಂಬವರು ತಾವು ಕೆಲಸ ಮಾಡಿದ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳನ್ನು ಹೊರಗೆ ತಂದರು. ಇನ್‌ಸ್ಟಾಗ್ರಾಮ್ ಕೂಡ ಅದೇ ಕಂಪನಿಯದು. ತಮ್ಮ ದೇಹದ ಬಗ್ಗೆ ಬೇಸರವಿದ್ದ ಹದಿಹರೆಯದ ಹುಡುಗಿಯರಲ್ಲಿ 32 ಶೇಕಡಾ ಜನ ಇನ್‌ಸ್ಟಾಗ್ರಾಮ್ ನೋಡಿ ಆ ಬೇಸರ ಹೆಚ್ಚಾಯಿತು ಎಂದು ಹೇಳಿದ್ದು ಕಂಪನಿಯದೇ ಕಾಗದದಲ್ಲಿತ್ತು. ಎಲ್ಲ ಮಕ್ಕಳಿಗೂ ಹೀಗಾಗುತ್ತದೆ ಎಂದಲ್ಲ. ಮೊದಲೇ ಒಳಗೆ ನೋವಿದ್ದವರಿಗೆ ಹೆಚ್ಚು ತಾಗುತ್ತದೆ.

ಇವರ ವ್ಯಾಪಾರ ಏನು ಎಂದು ನೀವು ಕೇಳಬಹುದು, ದುಡ್ಡು ಕೊಡದೆ ಸಿಗುತ್ತದಲ್ಲ. ಅವರು ಮಾರುವುದು ಜಾಹೀರಾತು. ಮಕ್ಕಳು ಎಷ್ಟು ಹೊತ್ತು ನೋಡುತ್ತಾರೋ ಅಷ್ಟು ಜಾಹೀರಾತು. ಯಾವ ವಿಡಿಯೊ ಮೇಲೆ ಬೆರಳು ಸ್ವಲ್ಪ ನಿಂತಿತು ಎಂಬುದನ್ನು ಯಂತ್ರ ಗುರುತಿಟ್ಟು ಅಂಥದ್ದನ್ನೇ ಮತ್ತೆ ಮತ್ತೆ ಕೊಡುತ್ತದೆ. ದುಃಖದ ಹಾಡು ಎರಡು ಸಲ ಕೇಳಿದವಳಿಗೆ ದುಃಖದ್ದೇ ಬರುತ್ತದೆ. ಕಡ ಕೊಡುವ ಅಂಗಡಿಯವನು ನಮ್ಮ ಬಲಹೀನತೆ ತಿಳಿದುಕೊಂಡ ಹಾಗೆ.

ಬಾಯಿ ಬಿಡದ ಎರಡು ತಿಂಗಳು

ನಮ್ಮ ಕಾರ್ಯಕ್ಷೇತ್ರದ ಒಂದು ಸಂಘದಲ್ಲಿ ನಡೆದದ್ದನ್ನು ಆ ತಾಯಿಯ ಒಪ್ಪಿಗೆ ಪಡೆದು, ಊರು ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಆ ತಾಯಿ ಸಂಘದ ಪ್ರತಿನಿಧಿ. ಬ್ಯಾಂಕಿಗೆ ಕಟ್ಟಬೇಕಾದ ಕಂತಿನ ಹಣ ಎಣಿಸುವಾಗ ಮೊದಲ ಸಲ 500, ಮುಂದಿನ ವಾರ 1,000 ರೂಪಾಯಿ ಕಡಿಮೆ ಬಂತು. ಸದಸ್ಯೆಯರು ಪ್ರತಿನಿಧಿಯನ್ನೇ ಅನುಮಾನಿಸಿದರು. ಆಕೆ ಗಂಡನನ್ನು ಅನುಮಾನಿಸಿದಳು, ಮನೆಯಲ್ಲಿ ಜಗಳ. ಹಣ ತೆಗೆದವಳು ದ್ವಿತೀಯ ಪಿಯುಸಿ ಓದುತ್ತಿದ್ದ, 17 ವರ್ಷದ ಮಗಳು. ಇನ್‌ಸ್ಟಾಗ್ರಾಮಿನಲ್ಲಿ ಪರಿಚಯವಾದ ಒಬ್ಬ, ಇವಳ ಸಾದಾ ಫೋಟೊದ ಮುಖವನ್ನು ಬೇರೆ ಹೆಂಗಸಿನ ಮೈಗೆ ಅಂಟಿಸಿ, ಊರವರಿಗೆಲ್ಲ ಕಳಿಸುತ್ತೇನೆ ಎಂದು ಹೆದರಿಸಿ ದುಡ್ಡು ಕೇಳುತ್ತಿದ್ದ. ಕೊಟ್ಟಷ್ಟೂ ಕೇಳಿದ. ಎರಡು ತಿಂಗಳು ಹುಡುಗಿ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಬಾಯಿ ಬಿಟ್ಟದ್ದು ನಮ್ಮ ಕಾರ್ಯಕರ್ತೆಯ ಹತ್ತಿರ.

ಅಮ್ಮನಿಗೆ ಯಾಕಮ್ಮಾ ಹೇಳಲಿಲ್ಲ ಎಂದು ಕೇಳಿದರೆ ಹುಡುಗಿ ಹೇಳಿದ್ದು: "ಹೇಳಿದ್ರೆ ಫೋನ್ ಕಿತ್ಕೋತಾರೆ, ಕಾಲೇಜು ಬಿಡಿಸ್ತಾರೆ, ಸೋದರಮಾವಂಗೆ ಕೊಟ್ಟು ಮದ್ವೆ ಮಾಡಿಬಿಡ್ತಾರೆ."

ಅವನ ಬಲ ಇದ್ದದ್ದು ಆ ಅಂಟಿಸಿದ ಚಿತ್ರದಲ್ಲಲ್ಲ, ಈ ಮಾತಿನಲ್ಲಿ. ಮನೆಯವರು ಅವಳನ್ನೇ ಶಿಕ್ಷಿಸುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಆ ತಾಯಿ ಮಾತ್ರ ಹೊಡೆಯಲಿಲ್ಲ, ಬೈಯಲಿಲ್ಲ. ಮಗಳನ್ನು ಕರೆದುಕೊಂಡು ನಮ್ಮ ಕಾರ್ಯಕರ್ತೆಯ ಜೊತೆ ಜಿಲ್ಲಾ ಕೇಂದ್ರದ ಸಿಇಎನ್ ಠಾಣೆಗೆ ಹೋದಳು. ಸೈಬರ್ ಅಪರಾಧಗಳಿಗಾಗಿ ಜಿಲ್ಲೆಗಳಲ್ಲಿ ಇರುವ ಠಾಣೆ ಅದು. ದೂರು ದಾಖಲಾಯಿತು, ಆ ಅಕೌಂಟು ಮುಚ್ಚಿತು, ಹುಡುಗಿ ಪರೀಕ್ಷೆ ಬರೆದಳು. ಕಡಿಮೆಯಾದ ಹಣವನ್ನು ತಾಯಿ ಕೂಲಿಯಿಂದ ಕಟ್ಟಿದಳು. ಸದಸ್ಯೆಯರು ಅನುಮಾನಪಟ್ಟದ್ದಕ್ಕೆ ಬೇಸರಪಟ್ಟುಕೊಂಡು ಅವಳನ್ನೇ ಮತ್ತೆ ಪ್ರತಿನಿಧಿ ಮಾಡಿದರು.

ಇಂಥದ್ದು ಬಂದರೆ ದುಡ್ಡು ಕೊಡಬೇಡಿ, ಕೊಟ್ಟರೆ ನಿಲ್ಲುವುದಿಲ್ಲ. ನಾಚಿಕೆಯಿಂದ ಮೆಸೇಜುಗಳನ್ನು ಅಳಿಸಬೇಡಿ, ಅದೇ ಸಾಕ್ಷಿ. ಪರದೆಯ ಚಿತ್ರ ಅಂದರೆ ಸ್ಕ್ರೀನ್‌ಶಾಟ್ ತೆಗೆದಿಡಿ, ಅವನ ಅಕೌಂಟಿನ ಹೆಸರು, ದುಡ್ಡು ಹಾಕಿದ ನಂಬರು ಬರೆದಿಡಿ. ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಂಗಸರು ಮಕ್ಕಳ ವಿಷಯಕ್ಕೆ ಬೇರೆ ವಿಭಾಗವಿದೆ, ಹೆಸರು ಹೇಳದೆಯೂ ಅಲ್ಲಿ ದೂರು ಕೊಡಬಹುದು. ಮಗುವಿಗೆ 18 ತುಂಬಿಲ್ಲದಿದ್ದರೆ 1098 ಮಕ್ಕಳ ಸಹಾಯವಾಣಿ ಇದೆ, 2012ರ ಪೋಕ್ಸೊ ಕಾಯಿದೆ ಇದೆ. ಆ ಕಾಯಿದೆಯಂತೆ ಮಗುವಿನ ಗುರುತನ್ನು ಪತ್ರಿಕೆ, ಟಿವಿಯವರು ಹೊರಗೆ ಹಾಕುವಂತಿಲ್ಲ. ಇನ್ನು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. 18ರೊಳಗಿನವರ ನಗ್ನ ಚಿತ್ರಗಳು ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ಕಡೆ ಹರಡದಂತೆ ತಡೆಯಲು ಅದು ನೆರವಾಗುತ್ತದೆ, ಅದಕ್ಕೆ ಚಿತ್ರವನ್ನು ಅವರಿಗೆ ಕಳಿಸಬೇಕಾಗಿಲ್ಲ. ಮಗು ಮಂಕಾಗಿ, ಸಾಯುವ ಮಾತಾಡಿದರೆ ತಡಮಾಡದೆ 14416ಕ್ಕೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಫೋನ್ ಬಿಡಲಾಗದೆ ಓದು ನಿದ್ದೆ ಎಲ್ಲಾ ಕೆಟ್ಟವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಪ್ರತ್ಯೇಕ ಕ್ಲಿನಿಕ್ಕೇ ನಡೆಯುತ್ತಿದೆ.

ಮನೆಯಲ್ಲಿ

ಇನ್‌ಸ್ಟಾಗ್ರಾಮಿಗೆ ಸೇರಲು 13 ವರ್ಷ ಆಗಿರಬೇಕು ಎಂಬುದು ಕಂಪನಿಯ ನಿಯಮ. ಐದನೇ ತರಗತಿ ಮಗುವಿಗೆ ಸುಳ್ಳು ಹುಟ್ಟಿದ ದಿನಾಂಕ ಹಾಕಿ ಅಕೌಂಟು ಮಾಡಿಕೊಡುವ ಅಣ್ಣಂದಿರಿದ್ದಾರೆ, ಅದನ್ನು ನಿಲ್ಲಿಸಿ. 2025ರಿಂದ ನಮ್ಮ ದೇಶದಲ್ಲೂ ಹದಿಹರೆಯದವರಿಗೆ 'ಟೀನ್ ಅಕೌಂಟ್' ಬಂದಿದೆ. ಅದು ತಾನಾಗಿಯೇ ಪ್ರೈವೇಟ್ ಇರುತ್ತದೆ, ಅಂದರೆ ಮಗು ಒಪ್ಪಿದವರಿಗೆ ಮಾತ್ರ ಫೋಟೊ ಕಾಣುತ್ತದೆ. ವಯಸ್ಸು ಸುಳ್ಳು ಹಾಕಿದರೆ ಈ ಕಾವಲು ತಪ್ಪಿಹೋಗಬಹುದು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16ರ ಒಳಗಿನವರು ಇಂಥ ಅಕೌಂಟು ಇಟ್ಟುಕೊಳ್ಳುವಂತೆಯೇ ಇಲ್ಲ. ಅಂಥ ಕಾನೂನು ಒಳ್ಳೆಯದೋ ಕೆಟ್ಟದ್ದೋ ಚರ್ಚೆ ನಡೆಯಲಿ. ನನ್ನ ಅನುಮಾನ ಏನೆಂದರೆ, ನಮ್ಮ ಮನೆಗಳಲ್ಲಿ ಯಾವ ನಿಷೇಧವೂ ಮೊದಲು ಬೀಳುವುದು ಹೆಣ್ಣುಮಕ್ಕಳ ಮೇಲೆ. ಅಣ್ಣನ ಫೋನು ಅಣ್ಣನ ಹತ್ತಿರವೇ ಇರುತ್ತದೆ.

ಆದ್ದರಿಂದ ನಿಯಮ ಮಾಡುವುದಾದರೆ ಇಬ್ಬರಿಗೂ ಒಂದೇ ಮಾಡಿ. ರಾತ್ರಿ 10ರ ಮೇಲೆ ಎಲ್ಲರ ಫೋನೂ ಅಡಿಗೆಮನೆಯ ಪ್ಲಗ್ಗಿನಲ್ಲಿ, ಅಪ್ಪನದ್ದೂ ಸೇರಿ. ಸೀರಿಯಲ್ ನೋಡುವ ನಿಮ್ಮದ್ದೂ! ಹದಿಮೂರರ ಮಗುವಿನ ಫೋನನ್ನು ಜೊತೆಯಲ್ಲಿ ಕೂತು ನೋಡುವುದು ಸರಿ, ಹತ್ತೊಂಬತ್ತರವಳ ಫೋನನ್ನು ಕದ್ದು ನೋಡುವುದು ಸರಿಯಲ್ಲ. "ಏನ್ ಮಾಡ್ತಿದೀಯ" ಎಂದು ಪೊಲೀಸಿನವರ ಹಾಗೆ ಕೇಳುವ ಬದಲು "ನಂಗೂ ಒಂದು ತೋರ್ಸು" ಎಂದು ಕೇಳಿ ನೋಡಿ. ಮೊದಲು ನಗುತ್ತಾರೆ, ಆಮೇಲೆ ತೋರಿಸುತ್ತಾರೆ.

ನಮ್ಮ ಕಡೆಯದೂ ಒಂದಿದೆ. ಮಗಳು ದೊಡ್ಡವಳಾದಾಗ ಆರತಿ ಮಾಡಿದ ಫೋಟೊವನ್ನು ಅವಳನ್ನು ಕೇಳದೆ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವ ತಾಯಂದಿರು ಎಷ್ಟು ಜನ ಇಲ್ಲ? ತರಗತಿಯ ಹುಡುಗರ ಅಮ್ಮಂದಿರ ಫೋನಿನಲ್ಲೂ ಅದು ಕಾಣುತ್ತದೆ, ಮಾರನೇ ದಿನ ಶಾಲೆಗೆ ಹೋಗಬೇಕಾದವಳು ಅವಳು. ಫೋಟೊ ಹಾಕುವ ಮೊದಲು ಕೇಳಬೇಕು ಎಂಬುದನ್ನು ಮಕ್ಕಳು ನಮ್ಮಿಂದಲೇ ಕಲಿಯಬೇಕಲ್ಲವೇ?

ಮುಂದಿನ ತಿಂಗಳ ಒಕ್ಕೂಟದ ಸಭೆಯಲ್ಲಿ ಸಾಲದ ವಿಷಯ ಮುಗಿದ ಮೇಲೆ ಒಂದು ಗಂಟೆ ಇದಕ್ಕೇ ಇಟ್ಟಿದ್ದೇವೆ. ಸದಸ್ಯೆಯರ ಕಾಲೇಜು ಓದುವ ಮಕ್ಕಳೇ ಬಂದು ಅಕೌಂಟು ಪ್ರೈವೇಟ್ ಮಾಡುವುದು, ಬೇಡದವರನ್ನು ಬ್ಲಾಕ್ ಮಾಡುವುದು, ದೂರು ಕೊಡುವುದು ಹೇಗೆಂದು ಕಲಿಸುತ್ತಾರೆ. ಫೋನು ಇಲ್ಲದವರೂ ಬನ್ನಿ, ಪಕ್ಕದವರದ್ದರಲ್ಲಿ ಕಲಿಯಬಹುದು. ಇದ್ದವರು ಚಾರ್ಜ್ ಮಾಡಿಕೊಂಡು ಬನ್ನಿ, ಸಭಾಂಗಣದಲ್ಲಿ ಇರುವುದು ಎರಡೇ ಪ್ಲಗ್ಗು.